ರೆಡ್ಮಿ 13 5ಜಿ ತಗೊಳ್ಳೋದಾ, ಗ್ಯಾಲಕ್ಸಿ ಎಂ15 5ಜಿ ತಗೊಳ್ಳೋದಾ? ತೋಟದ ಮನೆಗೊಂದು ಲೆಕ್ಕ, ಪೇಟೆ ಮನೆಗೊಂದು ಲೆಕ್ಕ

ಆಲ್ದೂರಿನ ದೊಡ್ಡಮ್ಮನ ಹಳೇ ಫೋನು ಜುಲೈ ಮಳೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಉಬ್ಬಿತ್ತು. ಬ್ಯಾಟರಿ ಊದಿ ಹಿಂದಿನ ಮುಚ್ಚಳ ಒಂದು ಕಡೆ ಎದ್ದು, ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ದೊಡ್ಡಮ್ಮ ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿ ಬಳಸುತ್ತಿದ್ದರು, ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡು ಚಾರ್ಜ್ ಬೇರೆ. ನಾನು ನೋಡಿ ಬೈದೆ. "ಇನ್ನೂ ಓಡ್ತಿದೆಯಲ್ಲೋ ಮಾರಾಯ" ಅಂದರು. ಬ್ಯಾಟರಿ ಊದಿದ ಫೋನು ಓಡುತ್ತಿದ್ದರೂ ಅದಕ್ಕೆ ಚಾರ್ಜ್ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಬೆಂಕಿ ಹತ್ತಬಹುದು. ಅವತ್ತೇ ಆರಿಸಿ ಮನೆಯಿಂದ ಹೊರಗೆ ಜಗಲಿ ಮೇಲೆ ಇಡಿಸಿದೆ.

ಅದೇ ವಾರ ಹಾಸನದಲ್ಲಿರೋ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಹದಿನಾಲ್ಕು ಸಾವಿರದ ಒಳಗೆ ಯಾವುದು ತಗೊಳ್ಳಲಿ?" ಮನೆತನದಲ್ಲಿ ಒಬ್ಬನಿಗೆ ಕಂಪ್ಯೂಟರ್ ಗೊತ್ತು ಅಂತಾದರೆ ಫೋನು, ಟಿವಿ, ಮಿಕ್ಸಿ ಎಲ್ಲಾ ಅವನ ತಲೆಗೇ ಬರುತ್ತದೆ, ಅಲ್ವಾ? ಇಬ್ಬರದೂ ಒಂದೇ ಬಜೆಟ್ಟು. ಅಂಗಡಿಗಳಲ್ಲಿ ವಿಚಾರಿಸಿದಾಗ ಇಬ್ಬರ ಎದುರಿಗೂ ಬಂದ ಫೋನುಗಳೂ ಅವೇ ಎರಡು: ರೆಡ್ಮಿ 13 5ಜಿ ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ15 5ಜಿ. ಕೊನೆಗೆ ಒಬ್ಬರು ಒಂದನ್ನು, ಇನ್ನೊಬ್ಬ ಇನ್ನೊಂದನ್ನು ತಗೊಂಡರು. ಯಾಕೆ ಅಂತ ಹೇಳುತ್ತೇನೆ, ನಿಮ್ಮ ಮನೆ ಯಾವ ಕಡೆ ಬೀಳುತ್ತದೆ ಅಂತ ನೀವೇ ನೋಡಿಕೊಳ್ಳಿ.

ಎರಡೂ 2024ರಲ್ಲಿ ಬಂದ ಫೋನುಗಳು. ಎಂ15 ಏಪ್ರಿಲ್‌ನಲ್ಲಿ ಬಂತು, ರೆಡ್ಮಿ 13 ಜುಲೈನಲ್ಲಿ. ಬಂದಾಗಿನ ಬೆಲೆ ಎಂ15ಕ್ಕೆ 4 ಜಿಬಿ ರ್‍ಯಾಮಿನದು 13,299, 6 ಜಿಬಿಯದು 14,799 ರೂಪಾಯಿ. ರೆಡ್ಮಿಗೆ 6 ಜಿಬಿಯದು 13,999, 8 ಜಿಬಿಯದು 15,499. ನಾಲ್ಕರಲ್ಲೂ ಸ್ಟೋರೇಜ್ 128 ಜಿಬಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಂ15ರದ್ದೇ 'ಪ್ರೈಮ್ ಎಡಿಷನ್' ಅಂತ ಒಂದು 10,999ಕ್ಕೆ ಬಂತು. ಒಳಗಿನ ಸರಕು ಹೆಚ್ಚುಕಮ್ಮಿ ಅದೇ, ಬೆಲೆ ಮಾತ್ರ ಇಳಿಯಿತು. ಈಗ ಇವುಗಳ ಮುಂದಿನ ತಲೆಮಾರು ಬಂದಿದೆ ನಿಜ, ಆದರೆ ಹೊಸದು ಬಂದಾಗಲೇ ಹಳೆಯದಕ್ಕೆ ಆಫರ್ ಬೀಳೋದು, ಸೆಕೆಂಡ್ ಹ್ಯಾಂಡ್ ಕೂಡ ಆಗಲೇ ಕೈಗೆ ಸಿಗೋದು. ಹಾಗಾಗಿ ಬಜೆಟ್ ನೋಡುವವರಿಗೆ ಇವೇ ಎರಡು ಮತ್ತೆ ಮತ್ತೆ ಎದುರಾಗುತ್ತವೆ.

ಮೊದಲು ಬ್ಯಾಟರಿ. ನಮ್ಮ ಕಡೆ ಎಲ್ಲಾ ಮಾತು ಶುರುವಾಗೋದೇ ಅಲ್ಲಿಂದ.

ಎಂ15ರಲ್ಲಿ 6000 ಎಂಎಎಚ್, ರೆಡ್ಮಿಯಲ್ಲಿ 5030. ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಲೆಕ್ಕ. ಸಾವಿರದಷ್ಟು ವ್ಯತ್ಯಾಸ. ಬೆಂಗಳೂರಿನಲ್ಲಿ ಕೂತವರಿಗೆ ಇದೊಂದು ದೊಡ್ಡ ವಿಷಯ ಅಲ್ಲ, ಅವರ ಕೈಯಳತೆಯಲ್ಲೇ ಪ್ಲಗ್ ಪಾಯಿಂಟ್ ಇರುತ್ತದೆ. ಆಲ್ದೂರು, ಬಾಳೆಹೊನ್ನೂರು, ಕಳಸ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಒಂದು ಸಿಲ್ವರ್ ಓಕ್ ಮಗುಚಿಕೊಂಡರೆ ಮುಗಿಯಿತು, ಲೈನ್‌ಮ್ಯಾನ್ ಪಾಪ ಆ ಮಳೆಯಲ್ಲಿ ಎಷ್ಟು ಕಡೆ ಅಂತ ಹೋಗುತ್ತಾನೆ, ಕರೆಂಟ್ ಬರೋದು ನಾಳೆಯೋ ನಾಡಿದ್ದೋ. ಇನ್ನೊಂದು ವಿಷಯ ತುಂಬಾ ಜನ ಗಮನಿಸಿರೋದಿಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ಫೋನು ದೂರದ ಇನ್ಯಾವುದೋ ಟವರನ್ನು ಹುಡುಕುತ್ತಾ ಜೋರಾಗಿ ಕೂಗಬೇಕಾಗುತ್ತದೆ. ಸಿಗ್ನಲ್ ಕಮ್ಮಿ ಇದ್ದಷ್ಟೂ ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಅಂದರೆ ಚಾರ್ಜ್ ಮಾಡೋಕೆ ಆಗದ ದಿನವೇ ಫೋನು ಬೇಗ ಖಾಲಿಯಾಗೋದು. ಪೇಟೆಯಲ್ಲಿ ಎರಡು ದಿನ ಬರೋ ಫೋನು ತೋಟದಲ್ಲಿ ಒಂದೂಕಾಲು ದಿನಕ್ಕೆ ಸುಸ್ತಾಗೋದು ಅದಕ್ಕೇ, ಫೋನ್ ಹಾಳಾಗಿದೆ ಅಂತಲ್ಲ.

ದೊಡ್ಡಮ್ಮ ಮನೆಯಲ್ಲಿ ಒಬ್ಬರೇ ಇರೋ ದಿನಗಳೂ ಉಂಟು. ಆನೆ ಯಾವ ತೋಟದಲ್ಲಿದೆ ಅನ್ನೋ ಮೆಸೇಜು ಬರೋದು ಫೋನಿಗೇ. ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಆಳುಗಳು ತೋಟಕ್ಕೆ ಇಳಿಯೋ ಮೊದಲು ಆ ಮೆಸೇಜ್ ನೋಡಿಯೇ ಇಳಿಯೋದು. ಅಂಥ ಫೋನು ಬೆಳಗಿನ ಜಾವ ಸ್ವಿಚ್ ಆಫ್ ಆಗಿದ್ದರೆ ಹೇಗೆ? ಇಲ್ಲಿಗೇ ನನ್ನ ಮನಸ್ಸು ಅರ್ಧ ಎಂ15 ಕಡೆ ವಾಲಿತ್ತು.

ಆದರೆ ಚಾರ್ಜರ್ ವಿಷಯಕ್ಕೆ ಬಂದರೆ ತಕ್ಕಡಿ ತಿರುಗುತ್ತದೆ. ರೆಡ್ಮಿ ಡಬ್ಬದಲ್ಲಿ 33 ವಾಟಿನ ಚಾರ್ಜರ್ ಇದೆ. ಎಂ15 ಡಬ್ಬದಲ್ಲಿ ಕೇಬಲ್ ಮಾತ್ರ, ಚಾರ್ಜರ್ ಇಲ್ಲ. ಬೇರೆಯೇ ತಗೋಬೇಕು, ಕಂಪನಿಯದೇ ಬೇಕೆಂದರೆ ಸಾವಿರದ ಮೇಲೆ ಬೀಳುತ್ತದೆ. ಎರಡು ಬೆಲೆ ಹೋಲಿಸುವಾಗ ಈ ದುಡ್ಡನ್ನು ಎಂ15ಕ್ಕೆ ಕೂಡಿಸಿಯೇ ಹೋಲಿಸಿ. ಎಷ್ಟೋ ಜನ ಇದನ್ನು ಮರೆತು "ಐನೂರು ಕಮ್ಮಿ ಸಿಕ್ತು" ಅಂತ ಮನೆಗೆ ಬಂದು ಡಬ್ಬ ಅಲ್ಲಾಡಿಸಿ ನೋಡುತ್ತಾರೆ.

ಮನೆಯಲ್ಲಿರೋ ಹಳೇ ಚಾರ್ಜರ್ ನಡೆಯುತ್ತದಾ ಅಂತ ಕೇಳಿದರೆ, ನಡೆಯುತ್ತದೆ, ನಿಧಾನಕ್ಕೆ. ಎಂ15ಕ್ಕೆ ಪೂರ್ತಿ 25 ವಾಟ್ ಹೋಗಬೇಕಾದರೆ ಚಾರ್ಜರ್ ಮೇಲೆ ಪಿಡಿ, ಪಿಪಿಎಸ್ ಅಂತ ಎರಡೂ ಇರಬೇಕು. ಸ್ಯಾಮ್‌ಸಂಗಿನದೇ ಆಗಬೇಕೆಂದಿಲ್ಲ, ಈ ಎರಡು ಗುರುತು ಇರೋ ಒಳ್ಳೆ ಕಂಪನಿಯ ಯಾವುದಾದರೂ ಆದೀತು. ಬಸ್ ಸ್ಟ್ಯಾಂಡ್ ಪಕ್ಕ ಗಾಡಿಯಲ್ಲಿ ಮಾರೋ 150 ರೂಪಾಯಿಯದು ಮಾತ್ರ ಬೇಡ. ನಾನೊಮ್ಮೆ ತಗೊಂಡಿದ್ದೆ, ಎರಡನೇ ವಾರಕ್ಕೆ ಪಿನ್ನಿನ ಹತ್ತಿರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಮೂಸಿದರೆ ಸುಟ್ಟ ವಾಸನೆ. ಇನ್ನು ಏಪ್ರಿಲ್, ಮೇ ಗುಡುಗಿಗೆ ಯಾವ ಚಾರ್ಜರ್ ಆದರೂ ಅಷ್ಟೇ. ಪಡುವಣದಲ್ಲಿ ಕಪ್ಪಗೆ ಕಟ್ಟಿತು ಅಂದರೆ ಮೊದಲು ಪ್ಲಗ್ ಎಳೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು.

33 ವಾಟ್ ಇದ್ದರೆ ತೋಟದ ಮನೆಗೂ ಒಂದು ಅನುಕೂಲ ಇದೆ, ಒಪ್ಪಬೇಕು. ಕರೆಂಟ್ ಒಂದು ಗಂಟೆ ಬಂದು ಹೋದರೆ ರೆಡ್ಮಿ ಆ ಒಂದು ಗಂಟೆಯಲ್ಲಿ ಹೊಟ್ಟೆ ತುಂಬಾ ಉಂಡಿರುತ್ತದೆ. ದೊಡ್ಡ ಬ್ಯಾಟರಿಗೆ 25 ವಾಟಿನಲ್ಲಿ ಅಷ್ಟರೊಳಗೆ ತುಂಬೋದಿಲ್ಲ. ಮನೆಯಲ್ಲಿ ಯುಪಿಎಸ್ ಇದೆಯೋ ಇಲ್ಲವೋ ಅನ್ನೋದರ ಮೇಲೆ ಈ ಲೆಕ್ಕ ಹೋಗುತ್ತದೆ. ದೊಡ್ಡಮ್ಮನ ಮನೆಯಲ್ಲಿ ಇದೆ. ರಾತ್ರಿ ನಿಧಾನಕ್ಕೆ ಏರಿದರೂ ಸಾಕು.

ಸ್ಕ್ರೀನ್ ವಿಷಯದಲ್ಲಿ ಅಂಗಡಿಯವರು ಹೇಳೋದು ಒಂದು, ಕಣ್ಣಿಗೆ ಕಾಣೋದು ಇನ್ನೊಂದು. ಎಂ15ರದು 6.5 ಇಂಚಿನ ಸೂಪರ್ ಅಮೊಲೆಡ್, 90 ಹರ್ಟ್ಸ್. ರೆಡ್ಮಿಯದು 6.79 ಇಂಚಿನ ಎಲ್‌ಸಿಡಿ, 120 ಹರ್ಟ್ಸ್. ಎರಡೂ ಫುಲ್ ಎಚ್‌ಡಿ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನೋ ಲೆಕ್ಕ, ಜಾಸ್ತಿ ಇದ್ದಷ್ಟೂ ಬೆರಳಲ್ಲಿ ಸರಿಸುವಾಗ ನುಣ್ಣಗೆ ಜಾರುತ್ತದೆ. ಹಾಸನದವನಿಗೆ ಅದು ಎದ್ದು ಕಂಡಿತು. ದೊಡ್ಡಮ್ಮನಿಗೆ ಎರಡನ್ನೂ ಕೈಗೆ ಕೊಟ್ಟು ಕೇಳಿದರೆ "ಇದರಲ್ಲಿ ಕಪ್ಪು ಕಪ್ಪಾಗಿದೆ, ಅದರಲ್ಲಿ ಬೂದಿ ಆಗಿದೆ" ಅಂದರು. ಸರಿಯಾಗಿಯೇ ಹೇಳಿದರು! ಅಮೊಲೆಡ್‌ನಲ್ಲಿ ಕಪ್ಪು ಇರೋ ಕಡೆ ಬೆಳಕೇ ಹೊತ್ತೋದಿಲ್ಲ. ಎಲ್‌ಸಿಡಿಯಲ್ಲಿ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಅದನ್ನು ಮುಚ್ಚಿ ಕಪ್ಪು ಮಾಡೋದು, ಸ್ವಲ್ಪ ಸೋರುತ್ತದೆ. ಅದಕ್ಕೇ ಎಂ15ರಲ್ಲಿ ಡಾರ್ಕ್ ಮೋಡ್ ಹಾಕಿಟ್ಟರೆ ಬ್ಯಾಟರಿಯೂ ಉಳಿಯುತ್ತದೆ, ರೆಡ್ಮಿಯಲ್ಲಿ ಹಾಕಿದರೆ ಕಣ್ಣಿಗೆ ತಂಪು ಅಷ್ಟೇ.

ಬಿಸಿಲಿನಲ್ಲಿ ಕಾಣೋದು ಇನ್ನೊಂದು ಪರೀಕ್ಷೆ. ಜನವರಿ ಮಧ್ಯಾಹ್ನ ಕಾಫಿ ಕಣದಲ್ಲಿ ನಿಂತು ನೋಡಿ. ಸಿಮೆಂಟ್ ಕಣ ಕೆಳಗಿನಿಂದಲೂ ಬಿಸಿಲು ಹೊಡೆಯುತ್ತದೆ. ಚೀಲಕ್ಕೆ ಇವತ್ತು ಎಷ್ಟು ರೇಟು ಅಂತ ನೋಡೋಕೆ ಫೋನನ್ನು ಹೊಟ್ಟೆಗೆ ಒತ್ತಿ, ಬೆನ್ನು ಬಗ್ಗಿಸಿ, ಸೆರಗೋ ಟವೆಲ್ಲೋ ಅಡ್ಡ ಹಿಡಿದು ನೋಡೋದು ನಮಗೆಲ್ಲಾ ರೂಢಿ. ಎಂ15ರ ಬೆಳಕು 800 ನಿಟ್ಸ್‌ವರೆಗೆ ಏರುತ್ತದೆ, ರೆಡ್ಮಿಯದು 550. ಇದು ಕಾಗದದ ಮೇಲಿನ ಅಂಕಿ ಅಲ್ಲ, ಅಂಗಡಿಯಿಂದ ಹೊರಗೆ ಫುಟ್‌ಪಾತಿಗೆ ಬಂದು ಎರಡನ್ನೂ ಪಕ್ಕಪಕ್ಕ ಹಿಡಿದರೆ ಗೊತ್ತಾಗುತ್ತದೆ. ಚಿಕ್ಕಮಗಳೂರಿನ ಎಂಜಿ ರೋಡಿನಲ್ಲಿ ನಾವು ಹಾಗೇ ಮಾಡಿದ್ದು. ಅಂಗಡಿ ಹುಡುಗ ಸ್ವಲ್ಪ ಗಾಬರಿಯಾಗಿ ಬಾಗಿಲ ತನಕ ಬಂದು ನಿಂತುಕೊಂಡ, ಪಾಪ.

ಅಮೊಲೆಡ್‌ಗೆ ಒಂದು ಕೆಟ್ಟ ಮುಖವೂ ಇದೆ. ಒಡೆದರೆ ದುಬಾರಿ. ಎಲ್‌ಸಿಡಿ ಬದಲಿಸೋ ಖರ್ಚಿಗಿಂತ ಅಮೊಲೆಡ್ ಬದಲಿಸೋದು ಸಾಮಾನ್ಯವಾಗಿ ಜಾಸ್ತಿ. ಫೋನು ಪದೇಪದೇ ಬೀಳಿಸೋ ಕೈ ನಿಮ್ಮದಾದರೆ ಇದನ್ನೂ ತೂಗಿ. ಮತ್ತೆ, ರೆಡ್ಮಿಯ ಬೆನ್ನು ಗಾಜಿನದು. ನೋಡೋಕೆ ಚೆಂದ, ಹದಿನಾಲ್ಕು ಸಾವಿರದ ಫೋನು ಅನ್ನಿಸೋದೇ ಇಲ್ಲ. ಆದರೆ ತೇವದ ಕೈಗೆ ಗಾಜು ಅಂದರೆ ಮೀನು ಹಿಡಿದ ಹಾಗೆ. ಎಂ15ರ ಬೆನ್ನು ಪ್ಲಾಸ್ಟಿಕ್, ತೂಕ 217 ಗ್ರಾಂ, ರೆಡ್ಮಿಗಿಂತ ಹತ್ತು ಹನ್ನೆರಡು ಗ್ರಾಂ ಜಾಸ್ತಿ. ಅಂಗಿ ಜೇಬಿನಲ್ಲಿಟ್ಟು ಕಳೆ ಕೀಳೋಕೆ ಬಗ್ಗಿದರೆ ಎರಡೂ ಚರಂಡಿಗೇ ಬೀಳೋದು, ಅದರಲ್ಲಿ ವ್ಯತ್ಯಾಸ ಇಲ್ಲ.

ನೀರಿನ ಮಾತು. ರೆಡ್ಮಿಗೆ ಐಪಿ53 ಗುರುತಿದೆ. ಎಂ15ಕ್ಕೆ ಅಂಥದ್ದು ಇಲ್ಲ. ಇದು ರೆಡ್ಮಿಗೆ ಸಿಗಬೇಕಾದ ಅಂಕ, ಅದರಲ್ಲೂ ಮಲೆನಾಡಿನಲ್ಲಿ. ಆದರೆ ಐಪಿ53 ಅಂದರೆ ಏನು ಅಂತ ತಿಳಿದಿರಲಿ. ಮೊದಲನೇ ಅಂಕಿ ದೂಳಿನದು, ಎರಡನೆಯದು ನೀರಿನದು. ಮೂರು ಅಂದರೆ ಮೇಲಿನಿಂದಲೋ ಓರೆಯಾಗಿಯೋ ಬೀಳೋ ಸಿಂಪರಣೆ ತಡೆಯುತ್ತದೆ ಅಂತ. ಇರಚಲಿಗೆ ಸರಿ. ಬಕೆಟ್ಟಿಗೆ ಬಿದ್ದರೆ ಅಲ್ಲ. ನೀರು ಹೊಕ್ಕು ಹಾಳಾದರೆ ವಾರಂಟಿಯೂ ಬರೋದಿಲ್ಲ, ಎರಡರಲ್ಲೂ. ತೋಟಕ್ಕೆ ಹೋಗುವಾಗ ಗೊಬ್ಬರದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳೋ ನಮ್ಮ ಹಳೇ ಪದ್ಧತಿಯೇ ಎಲ್ಲಾ ಐಪಿಗಿಂತ ಮೇಲು. ಒದ್ದೆಯಾದರೆ ಬಚ್ಚಲೊಲೆ ಮೇಲೆ ಇಟ್ಟು ಒಣಗಿಸೋರು ಇದ್ದಾರೆ. ದಯವಿಟ್ಟು ಬೇಡ. ಆರಿಸಿ, ಒರೆಸಿ, ಗಾಳಿ ಆಡೋ ಕಡೆ ಇಡಿ. ಚಾರ್ಜ್ ತೂತಿನಲ್ಲಿ ತೇವ ಇರೋ ತನಕ ಪಿನ್ ಹಾಕಬೇಡಿ.

ಇನ್ನು ಸಿಗ್ನಲ್. ಹೆಸರಿನಲ್ಲೇ 5ಜಿ ಇದೆ, ಆದರೆ ದೊಡ್ಡಮ್ಮನ ಮನೆಯಲ್ಲಿ ಕಣದ ಮೂಲೆಯಲ್ಲಿ ತುಳಸಿಕಟ್ಟೆ ಪಕ್ಕ ನಿಂತರೆ ಎರಡು ಕಡ್ಡಿ, ಅಡುಗೆಮನೆಗೆ ಬಂದರೆ ಸೊನ್ನೆ. ಅಲ್ಲಿ 5ಜಿ ಅನ್ನೋದು ಡಬ್ಬದ ಮೇಲಿನ ಅಕ್ಷರ. ಪೇಟೆಯವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ಜಿಯೋದವರ 5ಜಿ ನಡೆಯೋದು ಎಸ್‌ಎ ಅನ್ನೋ ಪದ್ಧತಿಯಲ್ಲಿ, ಏರ್‌ಟೆಲ್ ಮೊಬೈಲ್ 5ಜಿ ಹಬ್ಬಿಸಿದ್ದು ಎನ್‌ಎಸ್‌ಎ ಅನ್ನೋ ಪದ್ಧತಿಯಲ್ಲಿ, ಅಂದರೆ 4ಜಿ ಹೆಗಲ ಮೇಲೆ 5ಜಿ ಕೂರಿಸಿ. ನಾವು ಹೋಲಿಸುತ್ತಿರೋ ಎರಡೂ ಫೋನಿನಲ್ಲಿ ಎರಡೂ ಪದ್ಧತಿ ನಡೆಯುತ್ತದೆ. ಆದರೆ "ಇದರದ್ದೇ ಕಮ್ಮಿ ಬೆಲೆಯದು ಇದೆ ಸರ್" ಅಂತ ಅಂಗಡಿಯವರು ರೆಡ್ಮಿ ಎ4 5ಜಿ ತೋರಿಸಿದರೆ ನಿಮ್ಮ ಸಿಮ್ ಯಾವುದು ಅಂತ ಮೊದಲು ನೋಡಿಕೊಳ್ಳಿ. 2024ರ ನವೆಂಬರ್‌ನಲ್ಲಿ 8,499ಕ್ಕೆ ಬಂದ ಆ ಫೋನಿನ ಸ್ನ್ಯಾಪ್‌ಡ್ರ್ಯಾಗನ್ 4ಎಸ್ ಜೆನ್ 2 ಚಿಪ್ಪಿಗೆ ಎಸ್‌ಎ ಮಾತ್ರ ಗೊತ್ತು. ಏರ್‌ಟೆಲ್‌ನ ಎನ್‌ಎಸ್‌ಎ ಅದಕ್ಕೆ ಹತ್ತೋದಿಲ್ಲ, 4ಜಿಯಲ್ಲೇ ಓಡುತ್ತದೆ. ಒಂದು ಅಕ್ಷರ 'ಎಸ್' ಸೇರಿದ್ದಕ್ಕೆ ಇಷ್ಟು ಕಥೆ.

ತೋಟದ ಮನೆಯವರು 5ಜಿ ಬಿಟ್ಟು ವೈಫೈ ಕಾಲಿಂಗ್ ಬಗ್ಗೆ ಯೋಚಿಸಿ. ಮನೆಗೆ ಫೈಬರ್ ಬಂದಿದ್ದರೆ ಸಿಗ್ನಲ್ ಸೊನ್ನೆ ಇದ್ದರೂ ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಹೋಗುತ್ತದೆ. ವಾಟ್ಸಾಪ್ ಕರೆ ಅಲ್ಲ, ಸಾದಾ ಕರೆ. ಜಿಯೋ, ಏರ್‌ಟೆಲ್ ಎರಡರಲ್ಲೂ ಉಂಟು, ಎರಡೂ ಫೋನಿನಲ್ಲೂ ಉಂಟು, ಸೆಟ್ಟಿಂಗಿನಲ್ಲಿ ಒಂದು ಬಟನ್ ಒತ್ತಿದರೆ ಸಾಕು. ಇಷ್ಟು ವರ್ಷ ಮಳೆಯಲ್ಲಿ ಛತ್ರಿ ಹಿಡಿದು ತುಳಸಿಕಟ್ಟೆ ಹತ್ತಿರ ಮಾತಾಡುತ್ತಿದ್ದ ದೊಡ್ಡಮ್ಮ ಈಗ ಒಲೆ ಮುಂದೆ ಕೂತು ಮಾತಾಡುತ್ತಾರೆ. ಎಂ15ರಲ್ಲಿ ವಾಯ್ಸ್ ಫೋಕಸ್ ಅಂತ ಒಂದಿದೆ, ಕರೆ ಮಾಡುವಾಗ ಸುತ್ತಲಿನ ಗದ್ದಲ ತಗ್ಗಿಸುತ್ತದೆ. ಶೀಟಿನ ಮೇಲೆ ಮಳೆ ಹೊಡೆಯುವಾಗ ಅದನ್ನು ಹಾಕಿ. ಆ ಕಡೆಯವರು "ಏನು ಮಾರಾಯ, ಫಾಲ್ಸ್ ಕೆಳಗೆ ನಿಂತಿದ್ಯಾ" ಅನ್ನೋದು ಕಮ್ಮಿಯಾಗುತ್ತದೆ.

ಕ್ಯಾಮೆರಾ. ರೆಡ್ಮಿ ಮೇಲೆ ದೊಡ್ಡದಾಗಿ 108 ಮೆಗಾಪಿಕ್ಸೆಲ್ ಅಂತ ಬರೆದಿದೆ, ಎಂ15ಕ್ಕೆ 50. ಎರಡರಷ್ಟು ಚೆನ್ನಾಗಿ ಬರುತ್ತದೆ ಅಂದುಕೊಳ್ಳಬೇಡಿ. ರೆಡ್ಮಿ ಒಂಬತ್ತು ಚುಕ್ಕೆ ಸೇರಿಸಿ ಒಂದು ಮಾಡುತ್ತದೆ, ಎಂ15 ನಾಲ್ಕು ಸೇರಿಸಿ ಒಂದು ಮಾಡುತ್ತದೆ. ಮಾಮೂಲಿಯಾಗಿ ಕೈಗೆ ಬರೋ ಫೋಟೋ ಎರಡರಲ್ಲೂ ಹನ್ನೆರಡು ಮೆಗಾಪಿಕ್ಸೆಲ್ ಆಸುಪಾಸೇ. 108ರ ಲಾಭ ಇರೋದು ಹತ್ತಿರಕ್ಕೆ ಎಳೆದಾಗ. ಮೂರು ಪಟ್ಟು ಜೂಮ್ ಮಾಡಿದರೂ ರೆಡ್ಮಿಯಲ್ಲಿ ಚಿತ್ರ ಕಲಸಿಹೋಗೋದಿಲ್ಲ.

ಇದು ಬೆಳೆಗಾರರಿಗೆ ಉಪಯೋಗಕ್ಕೆ ಬರೋ ಸಂಗತಿ. ಕಾಯಿಕೊರಕ ಹುಳು ಬಿದ್ದಿದೆಯಾ ಅಂತ ಯಾರಿಗಾದರೂ ಫೋಟೋ ಕಳಿಸಬೇಕು ಅಂದುಕೊಳ್ಳಿ. ಕಾಫಿ ಕಾಯಿಯ ತುದಿಯಲ್ಲಿ, ಹೊಕ್ಕುಳಿನ ಹಾಗೆ ಇರುತ್ತಲ್ಲ, ಅಲ್ಲಿ ಗುಂಡುಸೂಜಿ ಮೊನೆಯಷ್ಟು ತೂತು. ಎರಡೂ ಫೋನಿನಲ್ಲಿ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೋ ಕ್ಯಾಮೆರಾ ಅಂತ ಒಂದಿದೆ, ಲೆಕ್ಕಕ್ಕುಂಟು ಆಟಕ್ಕಿಲ್ಲ. ಅದನ್ನು ಬಳಸಬೇಡಿ. ಒಂದು ಅಡಿ ದೂರದಿಂದ ಮುಖ್ಯ ಕ್ಯಾಮೆರಾದಲ್ಲೇ ಜೂಮ್ ಮಾಡಿ ಹೊಡೆಯಿರಿ, ಕಾಯಿ ಹಿಂದೆ ಅಂಗೈ ಹಿಡಿಯಿರಿ, ಫೋಕಸ್ ಅಲ್ಲೇ ನಿಲ್ಲುತ್ತದೆ. ಈ ಕೆಲಸಕ್ಕೆ ರೆಡ್ಮಿ ಮೇಲು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ತನಕ ರೆಂಬೆ ಹೊತ್ತುಕೊಂಡು ಹೋಗೋ ಮೊದಲು ಒಂದು ಸ್ಪಷ್ಟ ಫೋಟೋ ಇದ್ದರೆ ಮಾತಾಡೋಕೆ ಸುಲಭ. ಎಂ15ರಲ್ಲಿ ಇನ್ನೊಂದು 5 ಮೆಗಾಪಿಕ್ಸೆಲ್ಲಿನ ಅಗಲದ ಕ್ಯಾಮೆರಾ ಇದೆ, ಇಡೀ ಕಣ, ಇಡೀ ಮದುವೆ ಚಪ್ಪರ ಒಂದೇ ಫೋಟೋದಲ್ಲಿ ಬೀಳುತ್ತದೆ. ರೆಡ್ಮಿಯಲ್ಲಿ ಅದಿಲ್ಲ. 4ಕೆ ವಿಡಿಯೋ ಎರಡರಲ್ಲೂ ಇಲ್ಲ. ಸೆಲ್ಫಿಗೆ ಎರಡರಲ್ಲೂ 13.

ವೇಗದ ಬಗ್ಗೆ ಜಾಸ್ತಿ ಹೇಳೋದಿಲ್ಲ. ರೆಡ್ಮಿಯ ಚಿಪ್ಪು ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2 ಎಇ, ಎಂ15ರ ಚಿಪ್ಪಾದ ಡೈಮೆನ್ಸಿಟಿ 6100 ಪ್ಲಸ್‌ಗಿಂತ ಸ್ವಲ್ಪ ಮುಂದು. ಗೇಮ್ ಆಡೋರಿಗೆ ಗೊತ್ತಾಗುತ್ತದೆ, ಯುಪಿಐ, ವಾಟ್ಸಾಪ್, ಯೂಟ್ಯೂಬ್ ನೋಡೋರಿಗೆ ಇಲ್ಲ. ಗಮನಿಸಬೇಕಾದ್ದು ರ್‍ಯಾಮ್. 4 ಜಿಬಿಯದು ತಗೊಳ್ಳಲೇಬೇಡಿ, 6ಕ್ಕೆ ಹೋಗಿ. ಅಂಗಡಿಯಲ್ಲಿ "12 ಜಿಬಿ ರ್‍ಯಾಮ್ ಸರ್" ಅಂದರೆ ಅದು 6 ನಿಜವಾದದ್ದು, 6 ಸ್ಟೋರೇಜಿನಿಂದ ಕಡ ತಂದದ್ದು. ನಿಜವಾದ್ದು ಎಷ್ಟು ಅಂತ ಕೇಳಿ. ಕೇಳಿದರೆ ಹೇಳುತ್ತಾರೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅಪ್‌ಡೇಟ್. ಬೇಸರದ ವಿಷಯ ಅಂತ ಎಲ್ಲರೂ ಹಾರಿಸಿಬಿಡುತ್ತಾರೆ. ನನ್ನ ಹಿಂದಿನ ಫೋನು, ಕಂಪನಿ ಹೆಸರು ಬೇಡ, ಚೆನ್ನಾಗಿಯೇ ಇತ್ತು. ಗೀರೂ ಬಿದ್ದಿರಲಿಲ್ಲ. ಒಂದು ದಿನ ಬ್ಯಾಂಕಿನ ಆ್ಯಪ್ ತೆರೆದರೆ "ನಿಮ್ಮ ಆಂಡ್ರಾಯ್ಡ್ ಹಳೆಯದು" ಅಂತ ಬಾಗಿಲು ಹಾಕಿತು. ಕೂಲಿ ಬಟವಾಡೆ ಶನಿವಾರ. ಎಲ್ಲರಿಗೂ ಫೋನಿನಲ್ಲೇ ದುಡ್ಡು ಹಾಕೋದು. ಅವತ್ತು ಹೆಂಡತಿ ಫೋನಿನಿಂದ ಒಬ್ಬೊಬ್ಬರಿಗೇ ಹಾಕುವಷ್ಟರಲ್ಲಿ ಸಂಜೆ ಏಳಾಯಿತು.

ಎಂ15 ಆಂಡ್ರಾಯ್ಡ್ 14ರಲ್ಲಿ ಬಂತು. ನಾಲ್ಕು ಸಲ ಆಂಡ್ರಾಯ್ಡ್ ಬದಲಾವಣೆ, ಐದು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಅಂತ ಕಂಪನಿ ಹೇಳಿದೆ. ರೆಡ್ಮಿ 13 ಕೂಡ ಆಂಡ್ರಾಯ್ಡ್ 14ರಲ್ಲೇ ಬಂತು, ಅದಕ್ಕೆ ಎರಡು ಸಲ ಬದಲಾವಣೆ, ನಾಲ್ಕು ವರ್ಷ ಭದ್ರತೆ. ಇಲ್ಲೊಂದು ಸೂಕ್ಷ್ಮ ಇದೆ. ಈ ವರ್ಷಗಳ ಲೆಕ್ಕ ಶುರುವಾಗೋದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನೀವು ದುಡ್ಡು ಕೊಟ್ಟ ದಿನದಿಂದ ಅಲ್ಲ. ಅಂದರೆ ಎಂ15ಕ್ಕೆ 2029ರ ತನಕ, ರೆಡ್ಮಿಗೆ 2028ರ ತನಕ. ನೀವು ಎಷ್ಟು ತಡವಾಗಿ ಕೊಂಡರೆ ಅಷ್ಟು ವರ್ಷ ಕಮ್ಮಿ ಅನುಭವಿಸುತ್ತೀರಿ. ಆಫರಿನಲ್ಲಿ ಸಾವಿರ ರೂಪಾಯಿ ಕಮ್ಮಿ ಸಿಕ್ಕಿದರೆ ಈ ಕಳೆದ ವರ್ಷಗಳನ್ನೂ ಪಕ್ಕದಲ್ಲಿಟ್ಟು ನೋಡಿ.

ಇದೇ ಕಾರಣಕ್ಕೆ ಎಂ15ರ ಮುಂದಿನ ತಲೆಮಾರು ಎಂ16 ತಗೊಂಡರೆ ಆಗೋದಿಲ್ವಾ ಅಂತ ಯಾರಾದರೂ ಕೇಳುತ್ತಾರೆ. 2025ರ ಮಾರ್ಚ್‌ನಲ್ಲಿ ಮಾರಾಟಕ್ಕೆ ಬಂದ ಅದಕ್ಕೆ ಆರು ವರ್ಷದ ಅಪ್‌ಡೇಟ್ ಕೊಟ್ಟಿದ್ದಾರೆ, ಐಪಿ54 ಕೂಡ ಇದೆ. ಆದರೆ ಬ್ಯಾಟರಿಯನ್ನು 5000ಕ್ಕೆ ಇಳಿಸಿಬಿಟ್ಟಿದ್ದಾರೆ. ಪೇಟೆಯವರಿಗೆ ಅದು ಒಳ್ಳೆಯದೇ. ದೊಡ್ಡಮ್ಮನಿಗೆ ಆ ಸಾವಿರ ಎಂಎಎಚ್ ಬೇಕಿತ್ತು.

ಹಾಗಾಗಿ ಆಲ್ದೂರಿಗೆ ಎಂ15 ಹೋಯಿತು. ಹಾಸನದವನಿಗೆ ನಾನೇ ರೆಡ್ಮಿ ತಗೋ ಅಂದೆ. ಅವನಿಗೆ ಕರೆಂಟಿನ ಚಿಂತೆ ಇಲ್ಲ, ಬೆಳಗ್ಗೆ ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಹಾಕಿದರೆ ತಿಂಡಿ ಮುಗಿಯೋ ಹೊತ್ತಿಗೆ ಒಂದು ದಿನಕ್ಕೆ ಬೇಕಾದಷ್ಟು ಏರಿರುತ್ತದೆ. ಚಾರ್ಜರ್‌ಗೆ ಬೇರೆ ದುಡ್ಡಿಲ್ಲ. ದೊಡ್ಡ ಸ್ಕ್ರೀನ್, ಕ್ರಿಕೆಟ್ ನೋಡುತ್ತಾನೆ. ಎರಡು ಮೂರು ವರ್ಷಕ್ಕೆ ಹೇಗೂ ಬದಲಿಸುತ್ತಾನೆ, ಅಪ್‌ಡೇಟ್ ಮುಗಿಯೋ ತನಕ ಇಟ್ಟುಕೊಳ್ಳೋ ಜಾಯಮಾನ ಅವನದಲ್ಲ. ಇಷ್ಟೆಲ್ಲಾ ಲೆಕ್ಕ ಹಾಕಿ ಹೇಳಿದರೆ ಅವನಿಗೆ ಇಷ್ಟವಾಗಿದ್ದು ಇನ್ನೇನೋ. ರೆಡ್ಮಿಯ ನೆತ್ತಿ ಮೇಲೆ ಸಣ್ಣ ಐಆರ್ ದೀಪ ಇದೆ, ಅದರಿಂದ ಫೋನೇ ಟಿವಿಗೆ, ಸೆಟ್ ಟಾಪ್ ಬಾಕ್ಸಿಗೆ, ಎಸಿಗೆ ರಿಮೋಟ್ ಆಗುತ್ತದೆ. ಅವರ ಮನೆ ರಿಮೋಟಿನ ಹಿಂದಿನ ಮುಚ್ಚಳ ಮಗು ಕಚ್ಚಿ ಎರಡು ವರ್ಷ ಆಯಿತು, ಸೆಲ್ ಬೀಳದ ಹಾಗೆ ಸೆಲ್ಲೋ ಟೇಪ್ ಸುತ್ತಿದ್ದರು. ಎಂ15ರಲ್ಲಿ ಈ ದೀಪ ಇಲ್ಲ.

ಬೆರಳಚ್ಚು ಲಾಕ್ ಎರಡರಲ್ಲೂ ಬದಿಯ ಬಟನ್ನಿನಲ್ಲಿದೆ, ಇಯರ್‌ಫೋನ್ ತೂತು ಎರಡರಲ್ಲೂ ಇದೆ. ವಯಸ್ಸಾದವರದ್ದೋ ತೋಟದ ಕೆಲಸ ಮಾಡೋರದ್ದೋ ಆದರೆ ಬೆರಳಿನ ಗೆರೆ ಸವೆದಿರುತ್ತದೆ, ಒಂದೇ ಬೆರಳನ್ನು ಎರಡು ಮೂರು ಸಲ ಬೇರೆ ಬೇರೆ ಹೆಸರಿನಲ್ಲಿ ಸೇರಿಸಿ. ಬೇಗ ಹಿಡಿಯುತ್ತದೆ. ಮೊದಲ ಸಲ ಆನ್ ಮಾಡುವಾಗ ಆ ಆ್ಯಪ್ ಬೇಕಾ ಈ ಆ್ಯಪ್ ಬೇಕಾ ಅಂತ ಎರಡೂ ಕೇಳುತ್ತವೆ, ಸುಮ್ನೆ ಎಲ್ಲಕ್ಕೂ ಹೂಂ ಅನ್ನಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ದುಡ್ಡು ಕೊಡೋ ಮೊದಲು ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿ ಐಎಂಇಐ, ಅಂದರೆ ಆ ಫೋನಿನದ್ದೇ ಗುರುತಿನ ನಂಬರ್ ತೆಗೆಯಿರಿ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಮೂರಕ್ಷರ, ಒಂದು ಜಾಗ ಬಿಟ್ಟು ಆ ನಂಬರ್ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಕಳವಿನ ಫೋನು ಅಂತ ಬ್ಲಾಕ್ ಆಗಿದ್ದರೆ ತಿಳಿಸುತ್ತದೆ. ಮಾರೋನು ಎದುರಿಗಿದ್ದಾಗಲೇ ಮಾಡಿ. ಹೊಸದಾದರೆ ಜಿಎಸ್‌ಟಿ ಬಿಲ್ಲಿನಲ್ಲಿ ಅದೇ ಐಎಂಇಐ ಇದೆಯಾ ನೋಡಿ. ಎರಡು ಸಿಮ್ ಜೊತೆ ಮೆಮೊರಿ ಕಾರ್ಡೂ ಹಾಕೋ ಆಸೆ ಇದ್ದರೆ ಸಿಮ್ ಟ್ರೇ ಎಳೆಸಿ, ಮೂರಕ್ಕೂ ಜಾಗ ಉಂಟಾ ಅಂತ ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಕವರ್ ಮತ್ತು ಗ್ಲಾಸು ಹಾಕಿಸುವಾಗ ಬೆಲೆ ಮೊದಲೇ ಕೇಳಿ. ಫೋನಿನಲ್ಲಿ ನೂರು ರೂಪಾಯಿ ಇಳಿಸೋಕೆ ಒಪ್ಪದೇ ಇದ್ದ ಅದೇ ಹುಡುಗ, ಕವರ್‌ಗೆ 350 ಅಂದವನು ದೊಡ್ಡಮ್ಮ "ಬೇಡ ಬಿಡು ಮಗಾ, ರಬ್ಬರ್ ಬ್ಯಾಂಡ್ ಉಂಟು" ಅಂದ ಕೂಡಲೇ 150ಕ್ಕೆ ಬಂದ.